ಅರವತ್ತೊಂದು ವರ್ಷದ ಪದ್ರಿನೊ

ಲಾ ಸೆಯ್ಬಿತಾ, ಎಸ್ಕುಯಿಂತ್ಲಾ ಜಿಲ್ಲೆ
ಗ್ವಾಟೆಮಾಲ
ಶನಿವಾರ, 14 ನವೆಂಬರ್ 2009

ಮಗಳೇ ನೊಯೆಮಿ,

ಚೆನ್ನಾಗಿದ್ದೀಯಾ ಎಂದು ಕೇಳುವ ಮೊದಲು ಕನಸನ್ನು ಹೇಳಿಬಿಡುತ್ತೇನೆ. ಇಲ್ಲವಾದರೆ ಅದು ಎದೆಯಲ್ಲೇ ಕೂತು ಉಳಿದದ್ದನ್ನು ಬರೆಯಲು ಬಿಡುವುದಿಲ್ಲ. ಗುರುವಾರ ಮಧ್ಯಾಹ್ನ ಉಂಡು ಜೋಲಿಯಲ್ಲಿ ಒರಗಿದ್ದೆ. ಕನಸಿನಲ್ಲಿ ಆ ಸಣ್ಣ ವಿಮಾನ ಬಂತು, ಐವತ್ತನಾಲ್ಕರಲ್ಲಿ ಸರ್ಕಾರ ಬೀಳುವ ಮೊದಲು ಬಂದದ್ದೇ. ಆಗಿನ ಹಾಗೆಯೇ ಕಾಗದ ಉದುರಿಸಿತು. ಎಲ್ಲರೂ ಆಯಲು ಓಡಿದರು. ನಾನೂ ಒಂದನ್ನು ಎತ್ತಿ ನೋಡಿದರೆ ಅಚ್ಚಿನ ಅಕ್ಷರ ಇಲ್ಲ, ನನ್ನ ಕೈಬರಹ. ಇನ್ನೊಂದು, ಅದೂ ನನ್ನದೇ. ಬೇರೆಯವರು ಓದುವ ಮೊದಲು ಎಲ್ಲವನ್ನೂ ಲಂಗದಲ್ಲಿ ತುಂಬಿಕೊಳ್ಳೋಣ ಎಂದು ಓಡುತ್ತಿದ್ದೇನೆ. ಹಂದಿಗಳು ಕೆಲವನ್ನು ತಿನ್ನುತ್ತಿವೆ, ತಿನ್ನಲಿ ಎಂದು ನನಗೆ ಸಮಾಧಾನ. ಆಚೆ ಒಂದು ಪೆಟ್ಟಿಗೆಯ ಮೇಲೆ ನನ್ನ ಧರ್ಮತಂದೆ ಪದ್ರಿನೊ ಎವಾರಿಸ್ತೊ ಕೂತು ಗಡ್ಡ ಹೆರೆದುಕೊಳ್ಳುತ್ತಿದ್ದರು, ಅರ್ಧ ಮುಖಕ್ಕೆ ಸೋಪಿನ ನೊರೆ. "ಒಂದು ತಗೊಂಡ್ ಬಾ ಮಗಾ, ಏನ್ ಬರೆದಿದ್ದಾರೆ ಓದಿ ಹೇಳು" ಅಂದರು. ನನಗೆ ಓದಲು ಬರುವುದಿಲ್ಲ ಎಂದೆ. ಎಚ್ಚರವಾಯಿತು. ಜೋಲಿಯ ಹಗ್ಗ ಕೆನ್ನೆಗೆ ಒತ್ತಿ ಬಿದ್ದ ಗೆರೆ ಸಂಜೆಯವರೆಗೂ ಹೋಗಲಿಲ್ಲ.

ಈಗ ಕೇಳುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ನೀನು ವಿಂಗಡಿಸುವ ಆ ಹಳೇ ಪೊಲೀಸ್ ಕಾಗದಗಳ ಧೂಳಿಗೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯಾ? ಮನೆಗೆ ಹೋಗುವಾಗ ಕೆಂಪು ಬಸ್ಸು ಹತ್ತಬೇಡ, ದರೋಡೆ ಎಲ್ಲ ಅದರಲ್ಲೇ. ನೀನು ಆ ಕೆಲಸಕ್ಕೆ ಸೇರಿದಂದಿನಿಂದ ಫೋನು ಬಡಿದುಕೊಂಡರೆ ಸಾಕು, ಎತ್ತುವ ಮೊದಲು ಬಾಗಿಲಿಗೆ ಚಿಲಕ ಹಾಕುತ್ತೇನೆ. ಕಾಗದಕ್ಕೆ ಕಾಲಿಲ್ಲ ಅಮ್ಮಾ, ಅದು ಯಾರನ್ನೂ ಹಿಡಿಯಲು ಬರೋದಿಲ್ಲ ಎಂದು ನೀನು ನಗುತ್ತೀಯ. ನಿನಗೆ ಹಾಗೆ ಅನ್ನಿಸುವುದು ಒಳ್ಳೆಯದೇ. ನಾನು ಮಾತ್ರ ಕಾಗದ ನಡೆದು ಬಂದದ್ದನ್ನು ನೋಡಿದವಳು.

ನೀನು ರುತೀಲಿಯೊನ ಬಸ್ಸಿನಲ್ಲಿ ಕಳಿಸಿದ ಲಕೋಟೆ ಸೋಮವಾರವೇ ಸಿಕ್ಕಿತು. ಕೊಡುವಾಗ ಅವನು "ಏನಮ್ಮ ದೊರೊತೆಯಾ, ಮಗಳು ರಾಜಧಾನೀನೇ ನಿನ್ನ ಹೆಸರಿಗೆ ಬರೆದುಕೊಟ್ಟಳಾ, ಇಷ್ಟು ದಪ್ಪ ಇದೆ" ಎಂದ. ಅಂಟು ಬಿಚ್ಚಿರಲಿಲ್ಲ. ಮೂರು ಸಲ ನೋಡಿದೆ. ಒಳಗೆ ಎರಡು ಜೆರಾಕ್ಸು. ಒಂದು ನಮ್ಮೂರಿನ ಭೂಮಿ ಸಮಿತಿಯ ಪಟ್ಟಿ, ಐವತ್ತೆರಡನೇ ಇಸವಿಯದು, ಇಪ್ಪತ್ತಮೂರು ಹೆಸರು, ಕೈಬರಹ. ಇನ್ನೊಂದು ಟೈಪು ಮಾಡಿದ ಹಾಳೆ, ಮುಕ್ಕಾಲು ಭಾಗ ಕರಿ ಮಸಿ ಬಳಿದದ್ದು, ಅದರಲ್ಲಿ ನಮ್ಮೂರಿನದು ಒಂದೇ ಒಂದು ಹೆಸರು: ಎವಾರಿಸ್ತೊ ಮೊರಾತಾಯ.

ನೀನು ಕೇಳಿದ್ದು ಮೂರು. ಮೊದಲನೇ ಪಟ್ಟಿಯಲ್ಲಿರುವವರೆಲ್ಲ ಯಾರು ಯಾರು, ಅದು ಹೇಳುತ್ತೇನೆ, ಹಿಂದೆ ಬೇರೆ ಹಾಳೆಯಲ್ಲಿದೆ. ಪದ್ರಿನೊ ಎಳೆ ಪ್ರಾಯದವರಾಗಿದ್ದರು ಎಂದು ನಾನು ಯಾವಾಗಲೂ ಹೇಳುತ್ತಿದ್ದೆನಲ್ಲ, ಪಟ್ಟಿಯಲ್ಲಿ ಅರವತ್ತೊಂದು ಎಂದು ಯಾಕಿದೆ, ಅದು ಎರಡನೆಯದು. ಈ ಪಟ್ಟಿಯ ಅಕ್ಷರ ಎಷ್ಟು ಚಂದ ಇದೆ, ಒಲಿಂಪಿಯಾ ಟೀಚರ್ ಬರೆದದ್ದೇ ಇರಬೇಕು, ಹಾಗೇ ದಾಖಲೆಯಲ್ಲಿ ಸೇರಿಸುತ್ತೇನೆ ಎಂದು ಬರೆದಿದ್ದೀಯ, ಅದು ಮೂರನೆಯದು.

ಹಾಗೆ ಸೇರಿಸಬೇಡ. ಅದು ಟೀಚರ್ ಬರೆದದ್ದಲ್ಲ.

ಈ ಕಾಗದ ಬಿಚ್ಚಿದ ಕೂಡಲೇ ನಿನಗೆ ಏನೋ ಅನ್ನಿಸಿರಬೇಕು. ನಿನ್ನ ಅಮ್ಮ ದಪ್ಪ ದಪ್ಪ ಅಕ್ಷರ ಒಂದೊಂದೇ ಕೂರಿಸಿ ಬರೆಯುವವಳು. ಇದು ಕೂಡಿಸಿ ಬರೆದ ಅಕ್ಷರ. ಏಳರ ಅಂಕಿಗೆ ಹೊಟ್ಟೆಯಲ್ಲಿ ಅಡ್ಡಗೆರೆ ಇದೆ ನೋಡು. ಪಟ್ಟಿಯ ಏಳಕ್ಕೂ ಇದೆ. ಒಲಿಂಪಿಯಾ ಟೀಚರ್ ನನಗೆ ಮೂರನೇ ತರಗತಿಯವರೆಗೆ ಕಲಿಸಿದರು. ಆಮೇಲೆ ಶಾಲೆಗೆ ಬೀಗ ಬಿತ್ತು.

ಹೌದು, ನೀನು ಹತ್ತು ವರ್ಷದವಳಿದ್ದಾಗ ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ನನಗೆ ಅಕ್ಷರ ಕಲಿಸಿದೆ. ಕಲಿಯುವ ಮೊದಲೇ ನನಗೆ ಬರುತ್ತಿತ್ತು. ಬೈದುಕೊಳ್ಳಬೇಡ. ಹೇಗೆ ಹೇಳಲಿ ಎಂದು ತಿಳಿಯದೆ ಮೂವತ್ತೊಂದು ವರ್ಷ ಆಯಿತು.

ನಮ್ಮಮ್ಮ ನಾನು ಆರು ವರ್ಷದವಳಿದ್ದಾಗಲೇ ಹೋದಳು, ಅದು ನಿನಗೆ ಗೊತ್ತು. ಉಳಿದದ್ದು ನಾನು ಮತ್ತು ಅಪ್ಪ ಸೆಫೆರಿನೊ. ಜ್ಞಾನಸ್ನಾನದ ದಿನ ನನ್ನನ್ನು ಎತ್ತಿಕೊಂಡು ನಿಂತವರು ಪದ್ರಿನೊ ಎವಾರಿಸ್ತೊ, ಅವರ ಹೆಂಡತಿ ಹೊವಿತಾ ನನ್ನ ಮದ್ರಿನ. ಅಪ್ಪನೂ ಅವರೂ ಒಬ್ಬರನ್ನೊಬ್ಬರು ಕೊಂಪಾದ್ರೆ ಎಂದೇ ಕರೆಯುತ್ತಿದ್ದರು. ಜಗಳವಾದರೂ ಹೆಸರು ಹಿಡಿದು ಕೂಗುತ್ತಿರಲಿಲ್ಲ. ಕೊಂಪಾದ್ರೆಯನ್ನು ಬಿಟ್ಟು ಒಬ್ಬನೇ ಸೂರು ಕಟ್ಟಿಕೊಂಡರೆ ನಮ್ಮ ಕಡೆ ಅದಕ್ಕಿಂತ ನಾಚಿಕೆ ಇಲ್ಲ.

ಭೂಮಿಯ ಕಾನೂನು ಬಂದ ವರ್ಷ ಬಾಳೆ ಕಂಪನಿ ಬೀಳುಬಿಟ್ಟ ನೆಲವನ್ನು ಸರ್ಕಾರ ಹಂಚುತ್ತದೆ ಎಂದರು. ಸಮಿತಿಗೆ ಅಪ್ಪ ಮುಖ್ಯಸ್ಥ. ಅವನಿಗೆ ಅಕ್ಷರ ಬಾರದು. ಟೀಚರ್ ಜ್ವರವೆಂದು ಮಲಗಿದ್ದರು. ಆದ್ದರಿಂದ ಪಟ್ಟಿ ಬರೆದವಳು ನಾನು, ಹನ್ನೊಂದು ವರ್ಷದವಳು, ಅಡುಗೆಮನೆಯ ಕಲ್ಲಿನ ಮೇಲೆ ಹಲಗೆ ಇಟ್ಟುಕೊಂಡು. ಅಪ್ಪ ಹೇಳುತ್ತಾ ಹೋದ, ನಾನು ಬರೆಯುತ್ತಾ ಹೋದೆ. ಇಪ್ಪತ್ತೆರಡು ಹೆಸರಾಯಿತು. ಪದ್ರಿನೊ ಉಪ್ಪಿನ ಗದ್ದೆಯ ಕೆಲಸಕ್ಕೆ ಸಮುದ್ರದ ಕಡೆ ಹೋಗಿದ್ದರು, ಅಪ್ಪ ಅವರ ಹೆಸರು ಹೇಳಲಿಲ್ಲ. ಜಿಲ್ಲೆಯಿಂದ ಪಟ್ಟಿ ಒಯ್ಯುವವನು ಮಾರನೇ ಬೆಳಿಗ್ಗೆ ಬರುವವನು. ಅಪ್ಪ ನೀರಿಗೆ ಹೋದಾಗ ಇಪ್ಪತ್ತಮೂರನೇ ಹೆಸರು ನಾನೇ ಸೇರಿಸಿದೆ. ಕೊನೆಯ ಸಾಲಿನ ಮಸಿ ಬೇರೆ ಬಣ್ಣ ಎಂದಿದ್ದೀಯಲ್ಲ, ಅದಕ್ಕೆ. ಮಸಿ ಮುಗಿದು ನೀರು ಬೆರೆಸಿದ್ದೆ. ಅಪ್ಪನಿಗೆ ಓದಿ ಹೇಳುವಾಗ ಆ ಹೆಸರು ಬಿಟ್ಟು ಓದಿದೆ.

ವಯಸ್ಸಿನ ಕಾಲಮು ಖಾಲಿ ಬಿಡಬಾರದು ಎಂದಿದ್ದರು. ಪದ್ರಿನೊ ವಯಸ್ಸು ನನಗೆ ಗೊತ್ತಿರಲಿಲ್ಲ. ಅವರಿಗೆ ಮುಂದಿನ ಎರಡು ಹಲ್ಲು ಇರಲಿಲ್ಲ, ಹಾಗಾದರೆ ಮುದುಕರೇ ಎಂದುಕೊಂಡೆ. ಆ ವಾರ ಶಾಲೆಯಲ್ಲಿ ನನಗೆ ಸರಿ ಬಂದಿದ್ದ ಒಂದೇ ಕೂಡುವ ಲೆಕ್ಕದ ಉತ್ತರ ಅರವತ್ತೊಂದು. ಅದನ್ನೇ ಬರೆದೆ. ಅವರು ದೊಡ್ಡ ಭೂಕಂಪದ ವರ್ಷ ಹುಟ್ಟಿದವರು, ಆಗ ಇನ್ನೂ ಮೂವತ್ತೈದೂ ತುಂಬಿರಲಿಲ್ಲ ಎಂದು ಎಷ್ಟೋ ವರ್ಷದ ಮೇಲೆ ಮದ್ರಿನ ಹೇಳಿದಳು.

ಮುಂದಿನ ವರ್ಷದ ಮೊದಲಲ್ಲಿ ಗುಮಾಸ್ತ ಬಂದು ದೊಡ್ಡ ಸೇಯ್ಬಾ ಮರದ ಕೆಳಗೆ ಹೆಸರು ಕೂಗಿ ಪತ್ರ ಕೊಟ್ಟ. ಕೊನೆಗೆ "ಎವಾರಿಸ್ತೊ ಮೊರಾತಾಯ, ಅರವತ್ತೊಂದು ವರ್ಷ" ಎಂದ. ಮದ್ರಿನ ಎದೆಗೆ ಕೈ ಇಟ್ಟುಕೊಂಡು "ಅಯ್ಯೋ, ನಾನು ಮುದುಕನ್ನ ಕಟ್ಕೊಂಡಿದೀನಿ ಅಂತ ಒಬ್ರಾದ್ರೂ ಹೇಳ್ಬಾರ್ದಿತ್ತಾ" ಎಂದಳು. ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಗುಮಾಸ್ತನಿಗೆ ಸಿಟ್ಟು. "ಇದು ನೀವೇನಾ ಅಲ್ವಾ?" ಎಂದ. ಪದ್ರಿನೊ ಹ್ಯಾಟು ತೆಗೆದು, "ಹೆಸರು ನಂದು ಸ್ವಾಮಿ, ವಯಸ್ಸು ನಮ್ಮಪ್ಪಂದು. ಆದ್ರೆ ನಾನು ಕೇಳೇ ಇಲ್ವಲ್ಲ" ಎಂದರು. ಹಾಗಾದರೆ ಹೊಡೆದು ಹಾಕಲೇ ಎಂದು ಗುಮಾಸ್ತ ಪೆನ್ನು ತೆಗೆದ. ಪದ್ರಿನೊ ಎಲ್ಲರ ಮುಖ ನೋಡುತ್ತಾ ಬಂದು ನನ್ನ ಮುಖದಲ್ಲಿ ನಿಂತರು. ನಾನು ಕಾಲ ಬೆರಳು ನೋಡುತ್ತಿದ್ದೆ. "ಬರೆದಾಯ್ತಲ್ಲ, ಇರ್ಲಿ ಬಿಡಿ" ಎಂದರು.

ಅಂದಿನಿಂದ ಊರಿಗೆಲ್ಲ ಅವರು ತಾತ. ನಮ್ಮ ಬೇಲಿ ಪಕ್ಕದಲ್ಲೇ ಅವರ ತುಂಡು. ಒಂದು ಬೆಳೆ ಗೋವಿನಜೋಳ, ಒಂದು ಬೆಳೆ ಎಳ್ಳು. ಎಳ್ಳಿನ ಹೂ ಬಿಟ್ಟಾಗ ಅವರು ಸಾಲಿನ ನಡುವೆ ಸುಮ್ಮನೆ ನಿಂತಿರುತ್ತಿದ್ದರು, ಯಾರಾದರೂ ಕೂಗಿದರೆ, "ತಾತನಿಗೆ ಕಿವಿ ಕೇಳ್ಸಲ್ಲ" ಎನ್ನುತ್ತಿದ್ದರು. ಒಂದೂವರೆ ವರ್ಷ ಅಷ್ಟೇ. ಆ ಒಂದೂವರೆ ವರ್ಷವನ್ನು ಯಾವ ಕಡೆ ಹಾಕಬೇಕು ಎಂಬುದೇ ನನಗೆ ತಿಳಿಯುವುದಿಲ್ಲ ನೊಯೆಮಿ. ನಾನು ಕೊಟ್ಟದ್ದು ಎಂದೇ, ನಾನು ಕಸಿದದ್ದು ಎಂದೇ?

ಐವತ್ತನಾಲ್ಕರ ಜೂನ್ ಬಂತು. ರೇಡಿಯೊದಲ್ಲಿ ಒಬ್ಬ, ನಾವು ನಿಮ್ಮದೇ ಕಾಡಿನೊಳಗಿನಿಂದ ಮಾತಾಡುತ್ತಿದ್ದೇವೆ, ಸಾವಿರ ಸಾವಿರ ಜನ ಬರುತ್ತಿದ್ದೇವೆ ಎನ್ನುತ್ತಿದ್ದ. ನಾವು ಕಾಡಿನ ಕಡೆ ನೋಡುತ್ತಾ ಉಣ್ಣುತ್ತಿದ್ದೆವು. ಅವರು ಕಾಡಿನಲ್ಲೂ ಇರಲಿಲ್ಲ, ನಮ್ಮ ದೇಶದಲ್ಲೂ ಇರಲಿಲ್ಲ, ಬಂದದ್ದು ಕೆಲವೇ ನೂರು ಜನ, ಎಲ್ಲವನ್ನೂ ಹೊರದೇಶದವರು ದುಡ್ಡು ಕೊಟ್ಟು ಕೋಣೆಯಲ್ಲಿ ಕೂತು ಹೊಂದಿಸಿದ್ದರು, ಅವರ ಕಾಗದವೇ ಹಾಗೆ ಹೇಳುತ್ತದೆ ಎಂದು ನೀನು ಹೋದ ವರ್ಷ ಹೇಳಿದೆ. ನಾನು ಹೂಂ ಅಂದೆ. ಆದರೆ ನನಗೆ ಇನ್ನೂ ಗೊಂದಲ. ಹಾಗಾದರೆ ನಾವು ಹೆದರಿದ್ದು ಯಾರಿಗೆ? ಇಲ್ಲದ ಸೈನ್ಯಕ್ಕೆ ಹೆದರಿ ಇದ್ದ ಸೈನ್ಯ ಯಾಕೆ ಮನೆಗೆ ಹೋಯಿತು? ಕೊನೆಯ ಭಾನುವಾರ ಅಧ್ಯಕ್ಷರೂ ರೇಡಿಯೊದಲ್ಲೇ ಬಿಟ್ಟುಹೋಗುತ್ತೇನೆ ಎಂದರು. ನಿಜವೂ ಸುಳ್ಳೂ ಒಂದೇ ಪೆಟ್ಟಿಗೆಯಿಂದ ಬಂದರೆ ನಮ್ಮಂಥವರು ಹೇಗೆ ಬೇರೆ ಮಾಡುವುದು?

ಅಪ್ಪ ಅವತ್ತೇ ಬಟ್ಟೆ ಕಟ್ಟಿದ. ಪದ್ರಿನೊ ಮನೆಗೆ ಹೋಗಿ, "ಏಳು ಕೊಂಪಾದ್ರೆ, ಮೆಕ್ಸಿಕೊ ಕಡೆ ಹೋಗೋಣ" ಎಂದ. ನಾನು ಪಕ್ಕದಲ್ಲೇ ಇದ್ದೆ. ಪದ್ರಿನೊ ಮೊಳೆ ಹೊಡೆಯುತ್ತಿದ್ದರು, ಕೋಳಿಗೂಡಿಗೆ. "ನೀನು ಹೋಗು, ನೀನು ಮುಖ್ಯಸ್ಥ. ನಾನು ಯಾಕೆ ಓಡ್ಲಿ? ನಾನು ಕೇಳಿಕೊಂಡು ಹೋದವನಲ್ಲ, ಊರೆಲ್ಲ ನಕ್ಕಿದ್ದು ಎಲ್ರಿಗೂ ಜ್ಞಾಪಕ ಇದೆ" ಎಂದರು. ಅಪ್ಪ ಒಬ್ಬನೇ ಹೋದ. ನನ್ನನ್ನು ಮದ್ರಿನಳ ಹತ್ತಿರ ಬಿಟ್ಟ.

ಜುಲೈಯಲ್ಲಿ ಸೈನಿಕರು ಎಲ್ಲರನ್ನೂ ಕಂಪನಿಯ ತೂಕದ ಕೊಟ್ಟಿಗೆಗೆ ಕರೆದರು. ಒಬ್ಬ ಅಧಿಕಾರಿ ಟೈಪು ಮಾಡಿದ ಹಾಳೆಯಿಂದ ಹೆಸರು, ಊರು, ವಯಸ್ಸು ಓದತೊಡಗಿದ. ಸುತ್ತಣ ಊರುಗಳವರೂ ಇದ್ದರು. ಮೊದಲ ಹೆಸರಿಗೇ ನಾನು ಎರಡೂ ಕಿವಿಯಲ್ಲಿ ಬೆರಳಿಟ್ಟುಕೊಂಡೆ. ಆದ್ದರಿಂದ ಕೇಳಲಿಲ್ಲ, ನೋಡಿದೆ. ಅಧಿಕಾರಿಯ ತುಟಿ ಆಡಿತು. ಮದ್ರಿನ ಪದ್ರಿನೊ ತೋಳು ಹಿಡಿದಳು. ಪದ್ರಿನೊ ಮುಂದೆ ಹೆಜ್ಜೆ ಇಟ್ಟರು, ಇಡುವಾಗ ಸ್ವಲ್ಪ ನಕ್ಕರು. ಹಲ್ಲಿಲ್ಲದ ಜಾಗ ಕಂಡಿತು. ಲಾರಿ ಹತ್ತಿದರು. ಆಮೇಲೆ ಇಲ್ಲ.

ಆ ನಗು ಯಾಕೆ ಎಂದು ಐವತ್ತೈದು ವರ್ಷದಿಂದ ಯೋಚಿಸುತ್ತಿದ್ದೇನೆ. ಅಧಿಕಾರಿ ಅರವತ್ತೊಂದು ಅಂದನೇ? ಅದಕ್ಕೆ ನಗು ಬಂತೇ? ಇಲ್ಲ ಹೆದರಿದವರು ಸುಮ್ಮನೆ ನಗುತ್ತಾರಲ್ಲ, ಅದೇ? ಮದ್ರಿನ ಕೇಳಿಸಿಕೊಂಡಿದ್ದಳು. ತೊಂಬತ್ತೊಂದರಲ್ಲಿ ಅವಳು ಸಾಯುವವರೆಗೆ ವಾರ ವಾರ ಅವಳ ಮನೆ ಗುಡಿಸಿದೆ, ತಲೆ ಬಾಚಿದೆ, ಒಂದು ಸಲವೂ ಕೇಳಲಿಲ್ಲ. ಈ ಸಲವೂ ಆತ್ಮಗಳ ದಿನಕ್ಕೆ ಅವಳ ಗೋರಿಗೆ ನೀಲಿ ಬಣ್ಣ ಬಳಿದೆ. ಪಕ್ಕದಲ್ಲಿ ಪದ್ರಿನೊಗೆ ಎಂದು ಬಿಟ್ಟ ಜಾಗದಲ್ಲಿ ಯಾರೋ ಮೇಕೆ ಕಟ್ಟಿದ್ದರು.

ಆಮೇಲಿನದು ನಿನಗೆ ಗೊತ್ತಿರುವುದೇ, ಕಾರಣ ಮಾತ್ರ ಗೊತ್ತಿಲ್ಲ. ನೆಲ ವಾಪಸು ಹೋಯಿತು. ಅಪ್ಪ ಮೂರು ವರ್ಷದ ಮೇಲೆ ಬಂದು, ತನ್ನದಾಗಿದ್ದ ನೆಲದಲ್ಲೇ ಕಂಪನಿಗೆ ಗೊನೆ ಹೊತ್ತು ಸತ್ತ. ಟೀಚರ್ ಎಲ್ಲಿ ಹೋದರೋ. ನಾನು ಪೆನ್ನು ಮುಟ್ಟಲಿಲ್ಲ. ಬರೆಯಲು ಬರುತ್ತದೆ ಎಂದರೆ ಏನಾದರೂ ಬರೆಸುತ್ತಾರೆ. ಮದುವೆಗೆ ಹೆಬ್ಬೆಟ್ಟು ಒತ್ತಿದೆ. ನಿನ್ನನ್ನು ಎಂಟು ವರ್ಷವಾಗುವವರೆಗೆ ನೋಂದಾಯಿಸಲಿಲ್ಲ, ಯಾವ ಪುಸ್ತಕದಲ್ಲೂ ನಿನ್ನ ಹೆಸರಿರುವುದು ಬೇಡ ಎಂದು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬೈದರು, ನಿನ್ನನ್ನು ಸಣ್ಣ ಮಕ್ಕಳ ಜೊತೆ ಕೂರಿಸಿದರು, ನೀನು ಅತ್ತೆ. ಎಂಬತ್ತೆರಡರಲ್ಲಿ ಕಾವಲು ಪಡೆಯವರು ಮನೆ ಮನೆ ಹೆಸರು ಬರೆದುಕೊಳ್ಳುವಾಗ ನಮ್ಮ ಬೀದಿಯಲ್ಲಿ ಓದು ಬರುವವರು ಯಾರು ಎಂದು ಕೇಳಿದರು. ನೀನು ಬಾಯಿ ತೆರೆಯುವ ಮೊದಲೇ ನಿನ್ನ ಕಾಲು ತುಳಿದೆ. ಉಗುರು ಕಪ್ಪಾಗಿತ್ತು, ಜ್ಞಾಪಕ ಇದೆಯಾ? ಅದು ಎಡವಿದ್ದಲ್ಲ.

ಈಗ ನಿನ್ನ ಎರಡನೇ ಹಾಳೆ. ಅದನ್ನು ಹೊರಗಿನವರು ಮೊದಲೇ ಟೈಪು ಮಾಡಿಟ್ಟಿದ್ದರು, ಹಿಡಿಯಬೇಕಾದವರು ಇವರು ಎಂದು ಗಡಿಯಾಚೆಯಿಂದಲೇ ಸಿದ್ಧವಾಗಿ ಬಂತು ಎಂದು ಬರೆದಿದ್ದೀಯ. ನಮ್ಮೂರಿನ ಹೆಸರನ್ನು ನಮ್ಮ ಜಿಲ್ಲೆಯವರೇ ಸರಿಯಾಗಿ ಹೇಳುವುದಿಲ್ಲ. ಅವರಿಗೆ ಪದ್ರಿನೊ ಹೆಸರು ಕೊಟ್ಟವರು ಯಾರು? ನನಗೆ ಎರಡೇ ದಾರಿ ಕಾಣುತ್ತದೆ. ನಲವತ್ತೆಂಟರಲ್ಲಿ ಗೊನೆ ಹೊರುವವರ ಮುಷ್ಕರ ಆದಾಗ ಪದ್ರಿನೊ ಮುಂದೆ ನಿಂತಿದ್ದರು, ಹಲ್ಲು ಹೋದದ್ದೂ ಅಲ್ಲೇ. ಕಂಪನಿಯ ಆಳುಗಳ ಚೀಟಿಯಲ್ಲಿ ಅವರ ನಿಜವಾದ ವಯಸ್ಸು ಇತ್ತು. ಅಲ್ಲಿಂದ ಹೋದದ್ದಾದರೆ ಆ ಹಾಳೆಯಲ್ಲಿ ಮೂವತ್ತಾರು ಎಂದಿರುತ್ತದೆ. ನನ್ನ ಪಟ್ಟಿಯಿಂದ ಹೋದದ್ದಾದರೆ ಅರವತ್ತೊಂದು. ಬೇರೆ ಯಾರ ಬಳಿಯೂ ಆ ಅರವತ್ತೊಂದು ಇರಲಿಲ್ಲ, ಅದು ನನ್ನ ಲೆಕ್ಕದ ಉತ್ತರ.

ನಾನು ಭೂತಗನ್ನಡಿ ಹಿಡಿದು ನೋಡಿದೆ. ಜೆರಾಕ್ಸಿನಲ್ಲಿ ವಯಸ್ಸಿನ ಮೇಲೆಯೇ ಮಡಿಕೆ ಬಿದ್ದಿದೆ, ಎರಡನೇ ಅಂಕಿ ಹರಿದೇ ಹೋಗಿದೆ, ಮೊದಲನೆಯದು ಬೆಳಿಗ್ಗೆ ಆರರ ಹಾಗೆ ಕಾಣುತ್ತದೆ, ಮಧ್ಯಾಹ್ನ ಮೂರರ ಹಾಗೆ. ಪಕ್ಕದ ಮನೆಯ ಕ್ಲೆಮೆನ್ಸಿಯಾಗೆ ಏನೆಂದು ಹೇಳದೆ ತೋರಿಸಿದೆ. "ಎಂಟು ಅಲ್ವಾ" ಎಂದಳು. ಅವಳ ಕಣ್ಣಿಗೆ ಎಲ್ಲವೂ ಎಂಟೇ.

ಮೂರು ಆಗಿದ್ದರೆ ನಾನು ಉಸಿರಾಡಬಹುದು ಎಂದುಕೊಳ್ಳುತ್ತೇನೆ. ಕೂಡಲೇ ಇನ್ನೊಂದು ಯೋಚನೆ. ಹಾಗಾದರೆ ಅವರು ಎಳ್ಳಿನ ಹೂ ನೋಡುತ್ತಾ ನಿಂತಿದ್ದಾಗಲೇ ಎಲ್ಲೋ ಒಬ್ಬ ಅವರನ್ನು ಗುರುತು ಹಾಕಿದ್ದ, ಅವರು ನೆಟ್ಟಿದ್ದು ನಗಾಡಿದ್ದು ಎಲ್ಲ ಆ ಗುರುತಿನ ಕೆಳಗೇ ನಡೆಯಿತು. ಅದನ್ನು ನೆನೆದರೆ ಆರೇ ಇರಲಿ, ತಪ್ಪು ಮನೆಯೊಳಗಿನದಾಗಿರಲಿ ಅನ್ನಿಸುತ್ತದೆ. ಆಮೇಲೆ ಅದೂ ಬೇಡ ಅನ್ನಿಸುತ್ತದೆ. ಇದನ್ನು ಓದಿ ಹರಿದುಬಿಡು. ಬೇಡ, ಹರಿಯಬೇಡ, ಪಟ್ಟಿ ಬರೆದದ್ದು ಟೀಚರ್ ಅಲ್ಲ ಎನ್ನಲು ನಿನಗೆ ಇದು ಬೇಕಾಗಬಹುದು. ಆದರೆ ಬೀರುವಿನಲ್ಲಿಡು, ಮೇಜಿನ ಮೇಲೆ ಬಿಡಬೇಡ. ರುತೀಲಿಯೊನ ಕೈಯಲ್ಲಿ ಚೀಸು ಕಳಿಸಿದ್ದೇನೆ, ಬಿಸಿಲಲ್ಲಿ ಇಟ್ಟಿದ್ದರೆ ತಿನ್ನಬೇಡ.

ನಿನ್ನ ಅಮ್ಮ,
ದೊರೊತೆಯಾ
(ಹೆಬ್ಬೆಟ್ಟಲ್ಲ, ಸಹಿ. ಐವತ್ತೇಳು ವರ್ಷದ ಮೇಲೆ ಹಾಕಿದ್ದು, ಬಾಲ ಸ್ವಲ್ಪ ಸೊಟ್ಟಗಾಗಿದೆ.)

ಮರೆತ ಮಾತು: ಮರೆತದ್ದಲ್ಲ. ಮೇಲೆ ಒಂದು ಕಡೆ ಸುಳ್ಳು ಬರೆದಿದ್ದೇನೆ, ಹೊಡೆದು ಹಾಕಿದರೆ ಕಾಗದ ಗಲೀಜಾಗುತ್ತದೆ ಎಂದು ಹಾಗೇ ಬಿಟ್ಟೆ. ಪಟ್ಟಿ ಬರೆದ ದಿನ ಪದ್ರಿನೊ ಉಪ್ಪಿನ ಗದ್ದೆಗೆ ಹೋಗಿರಲಿಲ್ಲ. ಅಪ್ಪ ನೀರಿಗೆ ಹೋದಾಗ ನಮ್ಮ ಬಾಗಿಲಿಗೆ ಬಂದು, ಹಲಗೆ ಮೇಲೆ ಬಗ್ಗಿ ನೋಡಿ, "ಅಕ್ಷರ ಮುತ್ತಿನ ಹಾಗಿದೆ ಮಗಾ. ನನ್ನ ಹೆಸರು ಮಾತ್ರ ಬರೀಬೇಡ. ಕೊಂಪಾದ್ರೆಗೆ ಹೇಳಿದೀನಿ, ನಿಂಗೂ ಹೇಳ್ತಿದೀನಿ. ಇವತ್ತು ಕೊಟ್ಟದ್ದನ್ನ ನಾಳೆ ಲೆಕ್ಕ ಕೇಳ್ತಾರೆ" ಎಂದು ತಲೆ ಸವರಿ ಹೋದರು. ನೆಲ ಬೇಡವಾದರೆ ಅವರು ಮದ್ರಿನಳನ್ನು ಕರೆದುಕೊಂಡು ಬೇರೆ ತೋಟಕ್ಕೆ ಕೆಲಸಕ್ಕೆ ಹೋಗುವವರಿದ್ದರು. ನನ್ನ ಜಡೆ ಹಾಕುತ್ತಿದ್ದವಳು ಅವಳೊಬ್ಬಳೇ. ಅವರ ಹೆಜ್ಜೆ ಸದ್ದು ನಿಂತ ಮೇಲೆ ಮಸಿಗೆ ನೀರು ಬೆರೆಸಿದೆ.

ಮರದ ಕೆಳಗೆ ಅವರು ನನ್ನ ಮುಖ ನೋಡಿದ್ದು ಅದಕ್ಕೇ. ಗೊತ್ತಾಗಿಯೂ ಇರಲಿ ಬಿಡಿ ಎಂದರು.

ಆದ್ದರಿಂದ ನೊಯೆಮಿ, ಜೆರಾಕ್ಸು ಬೇಡ, ಟೈಪು ಮಾಡಿದ ಆ ಮೂಲ ಹಾಳೆಯನ್ನೇ ಕೇಳಿ ತೆಗೆಸು. ಬಾಗಿಲಿನ ಮೇಲೆ ನಾನು ಬೇಕೆಂದೇ ತಪ್ಪು ಬರೆದ ಅಕ್ಷರಕ್ಕೂ ನೀನು ಸರಿ ಗುರುತು ಹಾಕುತ್ತಿದ್ದೆ, ಅಮ್ಮನಿಗೆ ಬೇಜಾರಾದೀತೆಂದು. ಈ ಸಲ ಹಾಗೆ ಮಾಡಬೇಡ. ಕಿಟಕಿಯ ಬೆಳಕಿಗೆ ಹಿಡಿದು, ಮಡಿಕೆಯನ್ನು ಬೆರಳಿನಿಂದ ನೀವಿ, ಆ ಮೊದಲನೇ ಅಂಕಿಯನ್ನು ಇನ್ನೊಂದು ಸಲ ನೋಡು.